ಮೊದಲೇ ಅರ್ಜಿ ಹಾಕಿದರೆ ಸೀಟು ಸಿಗುತ್ತದೆಯೇ?

ಗುಮ್ಮಘಟ್ಟ: ಇಂಟರ್ ಫಲಿತಾಂಶ ಬಂದ ಮರುದಿನವೇ ರಾಯದುರ್ಗದ ನೆಟ್ ಸೆಂಟರ್‌ಗಳಲ್ಲಿ ಜನ ತುಂಬುತ್ತಾರೆ. ಬೇಗ ಅರ್ಜಿ ಹಾಕಿದವರಿಗೆ ಮೊದಲು ಸೀಟು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ.

ಈ ಮಾತು ಸ್ವಲ್ಪ ಮಟ್ಟಿಗೆ ನಿಜವಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ 'ಅರ್ಲಿ ಡಿಸಿಷನ್' ಎಂಬ ಪದ್ಧತಿ ಇದೆ. ನವೆಂಬರ್‌ನಲ್ಲೇ ಒಂದೇ ಕಾಲೇಜಿಗೆ ಅರ್ಜಿ ಹಾಕಿ, ಸೀಟು ಕೊಟ್ಟರೆ ಅಲ್ಲಿಗೇ ಸೇರುತ್ತೇನೆ ಎಂದು ಒಪ್ಪಿಗೆ ಬರೆದುಕೊಡಬೇಕು. ಹೀಗೆ ಬೇಗ ಅರ್ಜಿ ಹಾಕುವುದು ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದಂತೆ ಎಂದು 2003ರಲ್ಲಿ ಬಂದ ಒಂದು ಅಧ್ಯಯನ ಗ್ರಂಥ ಲೆಕ್ಕ ಹಾಕಿತ್ತು. ಆದರೆ ನಾಲ್ಕು ಕಾಲೇಜುಗಳ ವಿದ್ಯಾರ್ಥಿವೇತನ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ಹಾಗಾಗಿ ಇದು ಉಳ್ಳವರಿಗೇ ಅನುಕೂಲ ಎಂಬ ಟೀಕೆ ಎದ್ದು, 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ತಮ್ಮ ಮುಂಗಡ ಪ್ರವೇಶವನ್ನೇ ಕೈಬಿಡುವುದಾಗಿ ಘೋಷಿಸಿದವು. 2011ರಲ್ಲಿ ಮತ್ತೆ ತಂದವು.

ನಮ್ಮಲ್ಲಿ ಹಾಗಲ್ಲ. ಆಂಧ್ರದಲ್ಲಿ 2020ರಿಂದ ಡಿಗ್ರಿ ಪ್ರವೇಶ ಆನ್‌ಲೈನ್ ಆಗಿದೆ. ಅಂಕ, ಮೀಸಲಾತಿ ಮತ್ತು ವೆಬ್ ಆಪ್ಷನ್ ನೋಡಿ ಸೀಟು ಹಂಚುತ್ತಾರೆ. ಕರ್ನಾಟಕದ ಸಿಇಟಿಯಲ್ಲೂ ರ‍್ಯಾಂಕ್ ಮತ್ತು ಆಪ್ಷನ್‌ಗಳ ಕ್ರಮವೇ ಮುಖ್ಯ. ಮೊದಲ ದಿನ ಹಾಕಿದರೂ ಕೊನೆಯ ದಿನ ಹಾಕಿದರೂ ಒಂದೇ. ಕೊನೆಯ ದಿನ ಸರ್ವರ್ ಕೈಕೊಡುತ್ತದೆ ಎಂಬುದು ಬೇರೆ ಮಾತು.

ಹಾಗಾದರೆ ಗಡಿಭಾಗದವರಿಗೆ ಬೇಗ ನಿರ್ಧರಿಸುವ ಪ್ರಶ್ನೆಯೇ ಇಲ್ಲವೇ? ಇದೆ. ಅದು ಬರುವುದು ಹತ್ತನೇ ತರಗತಿ ಮುಗಿದಾಗ: ಇಲ್ಲೇ ಇಂಟರ್ ಓದುವುದೋ, ಬಳ್ಳಾರಿಗೋ ಮೊಳಕಾಲ್ಮೂರಿಗೋ ಹೋಗಿ ಪಿಯುಸಿ ಸೇರುವುದೋ? ಹೆಚ್ಚಿನ ಮನೆಗಳಲ್ಲಿ ಬಸ್ಸು, ಹಾಸ್ಟೆಲ್, ನೆಂಟರ ಮನೆ ನೋಡಿ ಇದನ್ನು ತೀರ್ಮಾನಿಸುತ್ತಾರೆ. ನಿಯಮ ನೋಡುವವರು ಕಡಿಮೆ.

ಆಂಧ್ರದಲ್ಲಿ ಶೇ. 85 ಸೀಟು ಸ್ಥಳೀಯರಿಗೆ. 1974ರ ರಾಷ್ಟ್ರಪತಿ ಆದೇಶದಂತೆ ಸ್ಥಳೀಯ ಎನಿಸಲು ಅರ್ಹತಾ ಪರೀಕ್ಷೆಯವರೆಗಿನ ಕೊನೆಯ ನಾಲ್ಕು ವರ್ಷ ಆ ಪ್ರದೇಶದಲ್ಲೇ ಓದಿರಬೇಕು. ಎರಡು ವರ್ಷ ಬಳ್ಳಾರಿಯಲ್ಲಿ ಪಿಯುಸಿ ಓದಿದರೆ ಈ ಕೊಂಡಿ ಕಳಚುತ್ತದೆ. ಆಮೇಲೆ ಉಳಿಯುವುದು ಶೇ. 15ರ ಪಾಲು. ತಂದೆ ಅಥವಾ ತಾಯಿ ರಾಜ್ಯದಲ್ಲಿ ಒಟ್ಟು 10 ವರ್ಷ ವಾಸವಿದ್ದರೆ ಅದರಲ್ಲಿ ಸ್ಪರ್ಧಿಸಬಹುದು.

ಅತ್ತ ಕರ್ನಾಟಕದ ಸಿಇಟಿ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ರಾಜ್ಯದೊಳಗೆ ಕನಿಷ್ಠ 7 ವರ್ಷದ ಓದು. ಒಂದರಿಂದ ಹತ್ತರವರೆಗೆ ಗುಮ್ಮಘಟ್ಟದಲ್ಲಿ ಓದಿದವರಿಗೆ ಪಿಯುಸಿಯ ಎರಡೇ ವರ್ಷ ಸಿಗುತ್ತದೆ. ಇತ್ತ ಸ್ಥಳೀಯನೂ ಅಲ್ಲ, ಅತ್ತ ಅರ್ಹನೂ ಅಲ್ಲ ಎಂಬ ಸ್ಥಿತಿ. ಹದಿನಾರು ವರ್ಷದ ಮಕ್ಕಳ ಮೇಲೆ ಇದು ದೊಡ್ಡ ಭಾರವೇ ಸರಿ.

ಆದರೆ ದಾರಿ ಇದೆ. ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾದವರ ತಂದೆ ಅಥವಾ ತಾಯಿ ಅಲ್ಲಿ 7 ವರ್ಷ ಓದಿದ್ದರೆ ಅರ್ಹತೆ ಉಂಟು. ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ ಕಡೆಯಿಂದ ಹೆಣ್ಣು ತಂದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅಮ್ಮ ಏಳನೇ ತರಗತಿವರೆಗೆ ಓದಿದ ತವರೂರಿನ ಶಾಲೆಯ ದಾಖಲೆ ಇಲ್ಲಿ ಮಗಳ ಇಂಜಿನಿಯರಿಂಗ್ ಸೀಟಿಗೆ ಆಧಾರವಾಗಬಲ್ಲದು. ಹೊರನಾಡು, ಗಡಿನಾಡು ಕನ್ನಡಿಗರಿಗೂ ಪ್ರತ್ಯೇಕ ನಿಯಮಗಳಿದ್ದು, ಅವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಇನ್ನು ಖಾಸಗಿ ಕಾಲೇಜುಗಳ ವಿಚಾರ. 'ಈಗಲೇ ಅಡ್ವಾನ್ಸ್ ಕಟ್ಟಿ, ಸೀಟು ಹಿಡಿದುಕೊಳ್ಳಿ' ಎಂದು ಫಲಿತಾಂಶಕ್ಕೆ ಮುಂಚೆಯೇ ಊರೂರು ತಿರುಗುವವರಿದ್ದಾರೆ. ರಸೀದಿ ಇಲ್ಲದೆ ಹಣ ಕೊಡಬೇಡಿ. ಡಿಗ್ರಿ ಕಾಲೇಜುಗಳು ಮೂಲ ಅಂಕಪಟ್ಟಿ, ಟಿಸಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮುಂಚೆ ಬಿಟ್ಟರೆ ಅಲ್ಪ ಕಡಿತದೊಂದಿಗೆ ಶುಲ್ಕ ಪೂರ್ತಿ ವಾಪಸ್. ಕೊನೆಯ ದಿನ ಕಳೆದು 30 ದಿನವಾದರೆ ಏನೂ ಇಲ್ಲ.

ಬೇಗ ಮಾಡಬೇಕಾದ ಕೆಲಸ ಒಂದಿದೆ: ವ್ಯಾಸಂಗ ಪ್ರಮಾಣಪತ್ರ. ಸಿಇಟಿಗೆ ಅದರ ಮೇಲೆ ಬಿಇಒ ಸಹಿ ಬೇಕು. ಅಮ್ಮನ ಹಳೆಯ ಶಾಲೆಯ ರಿಜಿಸ್ಟರ್ ಹುಡುಕಿಸಲು ಜೂನ್ ತಿಂಗಳ ನೂಕುನುಗ್ಗಲಿಗಿಂತ ದಸರಾ ರಜೆಯ ಮುಂಚಿನ ದಿನಗಳೇ ವಾಸಿ.