ಜೆ.ಸಿ. ರಸ್ತೆಯ ಹಿಂದೆ, ಕಳ್ಳಗಾಳಿಯ ಜಾಡು ಹಿಡಿದು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿನಲ್ಲಿ ಕಾರಿಗೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಯಾವ ಸಾಮಾನು ಬೇಕು ಅನ್ನುವುದನ್ನು ಹೇಳುವವರು ಮಾತ್ರ ಹಿಂದಿನ ಗಲ್ಲಿಗಳಲ್ಲಿದ್ದಾರೆ. ಸೀಟ್ ಕವರ್, ಹಾರ್ನ್, ಕ್ಲಚ್ ಪ್ಲೇಟುಗಳ ಸದ್ದುಗದ್ದಲ ದಾಟಿ ಒಳಕ್ಕೆ ತಿರುಗಿದರೆ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳು. ದೂರು ಬಹುಪಾಲು ಒಂದೇ: ‘ಸಿಗ್ನಲ್‌ನಲ್ಲಿ ನಿಂತ್ರೆ ನಡುಗತ್ತೆ, ರೇಸ್ ಕೊಟ್ರೆ ಸರಿಹೋಗತ್ತೆ.’

ನಾನು ನಿಂತಿದ್ದ ಶೆಡ್ಡಿನಲ್ಲಿ ಕಾರ್ಬುರೇಟರ್ ಕಾಲದ ಮಾರುತಿ 800 ಒಂದಿತ್ತು. ಪ್ಲಗ್ ಹೊಸದು, ವೈರ್ ಹೊಸದು, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದೂ ಆಗಿದೆ. ನಡುಕ ಹಾಗೇ ಇದೆ. ಮೇಸ್ತ್ರಿ ಸ್ಪ್ಯಾನರ್ ಮುಟ್ಟಲಿಲ್ಲ. ಒಳಗೆ ಕೂತು, ಬಿಸಿಯಾಗಿದ್ದ ಎಂಜಿನ್ನಿನ ಚೋಕನ್ನು ಅರ್ಧ ಎಳೆದರು. ನಡುಕ ನಿಂತಿತು. ಬಿಟ್ಟರೆ ಮತ್ತೆ ಶುರು. ‘ಏರ್ ಹಿಡೀತಿದೆ’ ಅಂದರು. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅದರಿಂದ ಎಂಜಿನ್ ಸುಧಾರಿಸಿದರೆ ಎಲ್ಲಿಂದಲೋ ಹೆಚ್ಚಿಗೆ ಗಾಳಿ ನುಗ್ಗುತ್ತಿದೆ ಎಂದರ್ಥ. ಜೆಟ್ ಕಟ್ಟಿಕೊಂಡಿದ್ದರೂ ಹೀಗೇ ಆಗಬಹುದು, ಆದರೆ ಅದನ್ನು ಆಗಲೇ ತೊಳೆದಾಗಿತ್ತಲ್ಲ.

ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್. ಬ್ರೇಕ್ ಬೂಸ್ಟರಿನಂಥ ಅಂಗಗಳು ರಬ್ಬರ್ ಪೈಪಿನ ಮೂಲಕ ಇದನ್ನೇ ನೆಚ್ಚಿಕೊಂಡಿವೆ. ಎಳನೀರಿನ ಸ್ಟ್ರಾ ಸೀಳಿದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದಲ್ಲ, ಇಲ್ಲೂ ಅಷ್ಟೇ.

ಮುಂದಿನದು ಈ ವ್ಯಾಕ್ಯೂಮ್ ಅಳೆಯುವ ಗೇಜ್. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ ಲೆಕ್ಕದಲ್ಲಿ ಸುಮಾರು 18ರಿಂದ 21 ಇಂಚು ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಒಂದಿಂಚು ಕಳೆಯಬೇಕು. ಬೆಂಗಳೂರು ಇರುವುದು ಸುಮಾರು 3000 ಅಡಿ ಮೇಲೆ. ಎಂದರೆ ಮಂಗಳೂರಿನಲ್ಲಿ 19 ತೋರಿಸುವ ಕಾರು ಘಟ್ಟ ಹತ್ತಿ ಬಂದು 16 ತೋರಿಸಿದರೆ ಅದಕ್ಕೇನೂ ಆಗಿಲ್ಲ. ಪುಸ್ತಕದ ಅಂಕಿ ಹಿಡಿದು ಬೆಂಗಳೂರಿನ ಎಂಜಿನ್ನಿಗೆ ಕಾಯಿಲೆ ಅಂಟಿಸುವವರೂ ಇದ್ದಾರೆ! ಈ 800ರ ಮುಳ್ಳು ಮಾತ್ರ 11ರಲ್ಲಿ ಅಲುಗದೆ ಕೂತಿತ್ತು. ಇದಕ್ಕೆ ಎತ್ತರವನ್ನು ದೂರುವಂತಿಲ್ಲ.

ಇನ್ನು ತೂತು ಹುಡುಕಬೇಕು. ಮೇಸ್ತ್ರಿ ಒಂದು ಮಾರುದ್ದದ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ಆಡಿಸಿದರು. ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರವಹಿಸಿ, ಅಂಗಿಯ ತೋಳು ಮೇಲೆ ಮಡಚಿ. ಎಲ್ಲೋ ‘ಸ್’ ಅಂದಿತಂತೆ. ನನಗೆ ಕೊಟ್ಟಾಗ ಟ್ಯಾಪೆಟ್ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೆ ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಒಂದೊಂದೇ ಪೈಪನ್ನು ಒತ್ತಿ ಹಿಡಿಯುತ್ತ ಹೋದರು. ಬ್ರೇಕ್ ಬೂಸ್ಟರಿನ ದಪ್ಪ ಪೈಪು ಒತ್ತಿದರೂ ಬದಲಾವಣೆಯಿಲ್ಲ. ಮ್ಯಾನಿಫೋಲ್ಡಿನ ಬುಡಕ್ಕೆ ಹತ್ತಿಕೊಂಡ ಸಣ್ಣ ಪೈಪು ಒತ್ತಿದ್ದೇ ಎಂಜಿನ್ ಸದ್ದು ನಯವಾಯಿತು. ಮೇಲಿನಿಂದ ನೋಡಿದರೆ ಸರಿಯಾಗೇ ಇದೆ. ತಿರುಚಿದರೆ ಅಡಿಯಲ್ಲಿ, ಮೂತಿಗೆ ಸಿಕ್ಕಿಸಿದ ಜಾಗದ ಪಕ್ಕದಲ್ಲೇ, ಉಗುರುದ್ದದ ಸೀಳು. ವರ್ಷಗಟ್ಟಲೆ ಬಿಸಿ ತಿಂದ ರಬ್ಬರ್ ಒಣಗಿದ ಗೋರಿಕಾಯಿಯಷ್ಟು ಗಡಸಾಗಿತ್ತು.

ಗ್ಯಾಸ್ಕೆಟ್ ಮೇಲೆ ಅನುಮಾನವಿದ್ದರೆ ಕೆಲವರು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ತೂತಿದ್ದಲ್ಲಿ ಅದು ಒಳಗೆ ಹೋಗಿ ಎಂಜಿನ್ ವೇಗ ಬದಲಾಗುತ್ತದೆ. ಆದರೆ ಅದು ಹೊತ್ತಿಕೊಳ್ಳುವ ದ್ರವ, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು. ಈ ಮೇಸ್ತ್ರಿ ಬಾಟಲಿಯಲ್ಲಿ ನೀರು ಚಿಮುಕಿಸುತ್ತಾರೆ. ನನಗೂ ಅದೇ ವಾಸಿ ಅನ್ನಿಸಿತು.

ಎದುರಿನ ಶೆಡ್ಡಿನಲ್ಲಿ ಹೊಸ ಕಾಲದ ಕಾರು, ಸ್ಕ್ಯಾನರ್ ಸಿಕ್ಕಿಸಿಕೊಂಡು ನಿಂತಿತ್ತು. ಪರದೆಯ ಮೇಲೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು ಎಂಬ ಕೋಡ್. ಅಲ್ಲಿನ ಹುಡುಗ ಕೋಡ್ ನೋಡಿ ಸೆನ್ಸರ್ ಬದಲಿಸಲು ಹೊರಡಲಿಲ್ಲ. ಐಡ್ಲಿಂಗ್‌ನಲ್ಲಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತಿದೆ ಎಂದು ನೋಡಿದ, ಶೇ 20ರ ಮೇಲಿತ್ತು. 2500 ಆರ್‌ಪಿಎಂಗೆ ಏರಿಸಿದಾಗ ಶೇ 4ಕ್ಕೆ ಇಳಿಯಿತು. ತೂತಿನ ಗಾತ್ರ ಅಷ್ಟೇ ಇರುತ್ತದೆ. ಎಂಜಿನ್ ಹೆಚ್ಚು ಗಾಳಿ ಸೇದತೊಡಗಿದಾಗ ಕಳ್ಳಗಾಳಿಯ ಪಾಲು ಲೆಕ್ಕಕ್ಕಿಲ್ಲದಂತಾಗುತ್ತದೆ. ಪೆಟ್ರೋಲ್ ಪಂಪೇ ಸೋತಿದ್ದರೆ ಅಂಕಿ ವೇಗದೊಂದಿಗೆ ಏರುತ್ತಿತ್ತು. ಎಂಜಿನ್ ಆರಿಸಿ, ಗಾಳಿ ಬರುವ ಬಾಯಿಗೆ ಮುಚ್ಚಳ ಬಿಗಿದು, ಹೊಗೆಯಂತ್ರದಿಂದ ಎಣ್ಣೆಯ ಹೊಗೆಯನ್ನು ಮೆಲ್ಲಗೆ ಒಳಗೆ ಬಿಟ್ಟ. ಕೊಂಚ ಹೊತ್ತಿಗೆ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂಬದಿಯಿಂದ ಬಿಳಿಯ ಎಳೆಯೊಂದು ಎದ್ದಿತು. ಕ್ರ್ಯಾಂಕ್‌ಕೇಸಿನಿಂದ ಬರುವ ಪೈಪಿನ ತಿರುವು ಬಿರಿದಿತ್ತು.

800ರ ಪೈಪಿನ ತುಂಡು ಮುಂದಿನ ಅಂಗಡಿಯಲ್ಲೇ ಸಿಕ್ಕಿತು. ಗೇಜಿನ ಮುಳ್ಳು 16ಕ್ಕೆ ಏರಿತು. ಮಾಲೀಕರು ಪ್ಲಗ್, ವೈರ್, ಕಾರ್ಬುರೇಟರಿಗೆ ಸುರಿದ ದುಡ್ಡಿನ ಮುಂದೆ ಇದು ಏನೂ ಅಲ್ಲ. ನಿಮ್ಮ ಗಾಡಿ ಸಿಗ್ನಲ್‌ನಲ್ಲಿ ನಡುಗತೊಡಗಿದರೆ, ಪ್ಲಗ್ ಬಿಚ್ಚುವ ಮೊದಲು ರಬ್ಬರ್ ಪೈಪುಗಳ ಅಡಿಭಾಗವನ್ನು ತಿರುವಿ ನೋಡಲು ಹೇಳಿ.