ಪರವೂರಿನಲ್ಲಿ ಒಂದು ಲೋಟ ಕಾಫಿ

ಮದರಾಸಿನಲ್ಲೋ ಮುಂಬಯಿಯಲ್ಲೋ ಬೆಳಗಿನ ರೈಲು ಇಳಿದವನಿಗೆ ಮೊದಲು ಬೇಕಾಗುವುದು ಒಳ್ಳೆಯ ಕಾಫಿ. ಅದಕ್ಕಾಗಿ ಬಹುಕಾಲ ಅವನು ಹುಡುಕುತ್ತಿದ್ದುದು ‘ಉಡುಪಿ’ ಎಂಬ ಬೋರ್ಡನ್ನು. ವಿಚಿತ್ರವೆಂದರೆ ಉಡುಪಿಯ ಕರಾವಳಿ ಕಾಫಿ ಬೆಳೆಯುವ ಸೀಮೆಯಲ್ಲ; ಬೀಜ ಬರುವುದು ಘಟ್ಟದ ಮೇಲಿನಿಂದ. ಕರಾವಳಿಯಿಂದ ಹೋದವರು ಹೊಟ್ಟೆಪಾಡಿಗೆಂದು ಊರು ಬಿಟ್ಟ ಹುಡುಗರು. ಕಾರ್ಕಳದ ಕಡೆಯ ಕಡಂದಲೆಯ ಕೃಷ್ಣರಾಯರು ಮದರಾಸಿನ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು, ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದರು. 1962ರಲ್ಲಿ ಅಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ಕಾರಿನಲ್ಲೇ ಕೂತು ಕಾಫಿ ಕುಡಿಯಬಹುದಿತ್ತು; 2008ರಲ್ಲಿ ಅದು ಮುಚ್ಚಿತು.

ಬೋರ್ಡು ಎಲ್ಲರನ್ನೂ ಒಂದೇ ರೀತಿ ಕರೆಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ, ಇಂದಿನ ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದ ಅನೇಕ ಹೋಟೆಲುಗಳಲ್ಲಿ ಜಾತಿ ನೋಡಿ ಕೂರಿಸುತ್ತಿದ್ದರು. 1957ರಲ್ಲಿ ಮದರಾಸಿನಲ್ಲಿ ಪೆರಿಯಾರರ ಅನುಯಾಯಿಗಳು ‘ಬ್ರಾಹ್ಮಣ ಹೋಟೆಲ್’ ಎಂಬ ಬೋರ್ಡಿನ ವಿರುದ್ಧ ಚಳವಳಿಯನ್ನೇ ಹೂಡಿದರು.

ಇಂದು ‘ಉಡುಪಿ’ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳುವಂಥದ್ದು. ಹಾಗಾಗಿ ಹೆಸರಿಗಿಂತ ಫಿಲ್ಟರು ನೋಡುವುದು ಲೇಸು. ಇಳಿದ ಡಿಕಾಕ್ಷನ್ ತಾಸುಗಟ್ಟಲೆ ಕೂತರೆ, ಇಲ್ಲವೇ ಮತ್ತೆ ಕುದಿಸಿದರೆ, ಘಮ ಹಾರಿ ಕಹಿ ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಗಿರಾಕಿಗಳು ಮುತ್ತುವ ಹೋಟೆಲಿನಲ್ಲಿ ಅದಕ್ಕೆ ಕೂರಲು ಪುರುಸೊತ್ತಿರುವುದಿಲ್ಲ.