ಬೆಳಕಿನ ಜಮಾ-ಖರ್ಚು

ಮಕ್ಕಳೇ, ದೀಪದ ಬೆಳಕು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಮೂರನೇ ಕ್ಲಾಸಿನ ನನ್ನ ಮೊಮ್ಮಗಳು "ಸ್ವಿಚ್ಚಿನಿಂದ, ತಾತ" ಎಂದು ಥಟ್ಟನೆ ಉತ್ತರ ಕೊಟ್ಟಳು. ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನು. ನಿವೃತ್ತಿಯಾದ ಮೇಲೆ ವಿಜ್ಞಾನದ ಪುಸ್ತಕ ಹಿಡಿದು ಕೂತಾಗ ಒಂದು ಸಂಗತಿ ತಿಳಿಯಿತು. ಬೆಳಕಿಗೂ ಬ್ಯಾಂಕಿನಂತೆ ಲೆಕ್ಕವಿದೆ. ಶಕ್ತಿ ಜಮಾ ಆಗದೆ ಬೆಳಕು ಹೊರಗೆ ಬರುವುದಿಲ್ಲ.

ಕಾದರೆ ಬೆಳಕು

ದೇವರ ಮನೆಯ ದೀಪವನ್ನೇ ನೋಡಿ. ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುತ್ತದೆ. ಬಿಸಿಗೆ ಎಣ್ಣೆ ಆವಿಯಾಗಿ ಉರಿಯುತ್ತದೆ. ಆಗ ತೀರಾ ಸಣ್ಣ ಮಸಿಯ ಕಣಗಳು ಹುಟ್ಟುತ್ತವೆ. ಅವು ಕೆಂಡದಂತೆ ಕಾದು ಹೊಳೆಯುವುದೇ ನಮಗೆ ಕಾಣುವ ಹಳದಿ ಬೆಳಕು. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಿದ್ದುದು ಅಜ್ಜಿಯರಿಗೆ ನೆನಪಿರಬಹುದು. ತಟ್ಟೆಗೆ ಅಂಟುವ ಆ ಕಪ್ಪು, ಕ್ಷಣದ ಹಿಂದೆ ಬೆಳಕು ಕೊಡುತ್ತಿದ್ದ ಮಸಿಯೇ!

ಹಳೆಯ ಗುಂಡು ಬಲ್ಬಿನದೂ ಇದೇ ದಾರಿ. ಅದರೊಳಗಿನ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಬೆಳಗುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ವಸ್ತು ಹೆಚ್ಚು ಕಾದಷ್ಟೂ ಬೆಳಕು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗುತ್ತದೆ. ಆದರೆ ಗುಂಡು ಬಲ್ಬಿನದು ನಷ್ಟದ ವ್ಯಾಪಾರ. ನೂರು ರೂಪಾಯಿಯ ಕರೆಂಟು ಕೊಟ್ಟರೆ ಬೆಳಕಾಗಿ ಬರುವುದು ಐದೋ ಹತ್ತೋ ರೂಪಾಯಿಯಷ್ಟು. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ.

ಮೆಟ್ಟಿಲಿಳಿದರೆ ಬೆಳಕು

ಕಾಯಿಸದೆಯೂ ಬೆಳಕು ಮಾಡಬಹುದು. ನಮ್ಮ ಕ್ಯಾಷ್ ಕೌಂಟರಿನಲ್ಲಿ ನೇರಳಾತೀತ ಕಿರಣದ ಪುಟ್ಟ ಯಂತ್ರವಿತ್ತು. ಅದರ ಕೆಳಗೆ ನೋಟು ಹಿಡಿದರೆ ನಂಬರು ಫಳಫಳ ಹೊಳೆಯುತ್ತಿತ್ತು. ನೋಟು ಮಾತ್ರ ತಣ್ಣಗೇ ಇರುತ್ತಿತ್ತು!

ಗುಟ್ಟು ಇಷ್ಟೇ. ಪರಮಾಣುವಿನಲ್ಲಿರುವ ಎಲೆಕ್ಟ್ರಾನುಗಳಿಗೆ ಮೆಟ್ಟಿಲುಗಳಿವೆ ಎಂದುಕೊಳ್ಳಿ. ಶಕ್ತಿ ಸಿಕ್ಕಾಗ ಅವು ಮೇಲಿನ ಮೆಟ್ಟಿಲಿಗೆ ಹಾರುತ್ತವೆ. ಅಲ್ಲಿ ಬಹಳ ಹೊತ್ತು ನಿಲ್ಲಲಾರವು. ಕೆಳಗಿಳಿಯುವಾಗ ಆ ಶಕ್ತಿಯನ್ನು ಬೆಳಕಿನ ಪೊಟ್ಟಣವಾಗಿ ಹಿಂದಿರುಗಿಸುತ್ತವೆ. ಈ ಪೊಟ್ಟಣದ ಹೆಸರು ಫೋಟಾನ್. ಇಳಿದ ಮೆಟ್ಟಿಲು ಎತ್ತರವಾಗಿದ್ದರೆ ನೀಲಿ ಬೆಳಕು, ಗಿಡ್ಡವಾಗಿದ್ದರೆ ಕೆಂಪು.

ನೋಟಿನ ನಂಬರಿನ ಶಾಯಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರುತ್ತದೆ. ಅದರಲ್ಲಿ ಸ್ವಲ್ಪ ಶಾಖವಾಗುತ್ತದೆ, ಉಳಿದದ್ದು ಕಾಣುವ ಬೆಳಕಾಗಿ ಹೊರಬರುತ್ತದೆ. ಟ್ಯೂಬ್‌ಲೈಟಿನ ಒಳಗೆ ಬಳಿದಿರುವ ಬಿಳಿ ಪುಡಿಯ ಕೆಲಸವೂ ಇದೇ. ಅಲ್ಲಿ ನೇರಳಾತೀತ ಕಿರಣ ಹುಟ್ಟುವುದು ಪಾದರಸದ ಆವಿಯಿಂದ.

ಎಲ್‌ಇಡಿಯಲ್ಲಿರುವುದು ಅರೆವಾಹಕದ ಒಂದು ಚೂರು. ಕರೆಂಟು ಹರಿದಾಗ ಎಲೆಕ್ಟ್ರಾನುಗಳು ಅದರೊಳಗಿನ ಖಾಲಿ ಜಾಗಗಳಿಗೆ ಇಳಿದು ಬೆಳಕು ಕೊಡುತ್ತವೆ. ಕೆಂಪು ಎಲ್‌ಇಡಿ 1962ರಲ್ಲೇ ಬಂತು. ಪ್ರಕಾಶಮಾನವಾದ ನೀಲಿಗೆ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ನೀಲಿ ಬೆಳಕಿನ ಒಂದು ಪಾಲನ್ನು ವಿಶೇಷ ಪುಡಿಯೊಂದು ಹಳದಿಯಾಗಿಸುತ್ತದೆ. ಎರಡೂ ಬೆರೆತಾಗ ನಮಗೆ ಬಿಳಿ ಕಾಣುತ್ತದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಈಗ ಲೆಕ್ಕ ಹಾಕೋಣ. 60 ವ್ಯಾಟಿನ ಗುಂಡು ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್ ಸಾಕು. ಮನೆಯ ಮೀಟರು ನೋಡಿ ನೀವೂ ಲೆಕ್ಕ ಮಾಡಿ.

ಮಿಣುಕುಹುಳದ ಪಾಲು

ನೊಬೆಲ್ ಇಲ್ಲದೆಯೇ ತಣ್ಣನೆಯ ಬೆಳಕು ಮಾಡುವ ಜಾಣ ಮಿಣುಕುಹುಳ. ಅದರ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತುವಿದೆ. ಲೂಸಿಫರೇಸ್ ಎಂಬ ಕಿಣ್ವದ ನೆರವಿನಿಂದ ಅದು ಆಮ್ಲಜನಕದೊಡನೆ ಸೇರಿದಾಗ ಬೆಳಕು ಬರುತ್ತದೆ, ಬಿಸಿ ಇಲ್ಲವೆನ್ನುವಷ್ಟು ಕಡಿಮೆ. ಆ ಮಿನುಗು ಅಲಂಕಾರಕ್ಕಲ್ಲ. ಗಂಡು ಹೆಣ್ಣನ್ನು ಕರೆಯುವ ಭಾಷೆ ಅದು. ಒಂದೊಂದು ಜಾತಿಗೆ ಒಂದೊಂದು ತಾಳ.

ಬೆಳಕು ಅಗ್ಗವಾಗಿದೆಯೆಂದು ನಾವು ಅಂಗಳದ ದೀಪವನ್ನು ರಾತ್ರಿಯಿಡೀ ಉರಿಸುತ್ತೇವೆ. ಆ ಪ್ರಖರತೆಯಲ್ಲಿ ಮಿಣುಕುಹುಳದ ಕರೆ ಅದರ ಜೊತೆಗಾತಿಗೆ ಕಾಣುವುದಿಲ್ಲ. ಜೋಡಿ ಸಿಗದಿದ್ದರೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದಿದ್ದರೆ ಮುಂದಿನ ವರ್ಷಕ್ಕೆ ಹುಳವಿಲ್ಲ. ನಾವು ಕರೆಂಟಿನ ಬಿಲ್ಲಿನಲ್ಲಿ ಉಳಿಸಿದ್ದನ್ನು ಅವು ತೆರುತ್ತಿವೆ.

ತೋಟ, ಮರಗಳ ಬಳಿ ಇರುವ ಮಕ್ಕಳೇ, ಮುಂಗಾರಿಗೆ ಮುಂಚಿನ ಒಂದು ಸಂಜೆ ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕೂರಿಸಿಕೊಂಡು ಹೊರಗಿನ ದೀಪವನ್ನು ಅರ್ಧ ಗಂಟೆ ಆರಿಸಿ. ಎಷ್ಟು ಮಿಣುಕುಗಳು ಕಂಡವು ಎಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಡಿ. ಮುಂದಿನ ವರ್ಷ ಮತ್ತೆ ಎಣಿಸಿ, ತಾಳೆ ನೋಡಿ.